ನಾಲ್ಕೂವರೆ ಗಂಟೆಯ ಸಿಟ್ಟು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕು ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಫ್ಯಾನಿನ ಕೆಳಗೆ ಮಲಗುತ್ತವೆ. ನಮ್ಮಲ್ಲಿ ಒಬ್ಬನಿಗೆ ಎಡಿಎಚ್‌ಡಿ ಇದೆ. ಯಾರಿಗೆ ಅಂತ ಕೇಳಬೇಡಿ. "ನಾವು ಅಂತಲೇ ಬರೀರೋ" ಅಂದಿದ್ದಾನೆ. ಹಾಗಾಗಿ ಇಲ್ಲಿ ಮಾತ್ರೆ ನುಂಗೋದೂ ನಾವೇ, ಸಿಟ್ಟಾಗೋದೂ ನಾವೇ.

ಕಳೆದ ಸೆಮಿಸ್ಟರ್‌ನಲ್ಲಿ ಮನೋವೈದ್ಯರು ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರು. ಮೊದಲ ವಾರ ಹಬ್ಬ! ಮ್ಯಾಥ್ಸ್ ಕ್ಲಾಸಿನಲ್ಲಿ ಒಂದು ಗಂಟೆ ಪೂರ್ತಿ ಬೋರ್ಡ್ ನೋಡಿದ್ದು ಜೀವನದಲ್ಲಿ ಅದೇ ಮೊದಲು. ಆದರೆ ಸಂಜೆ ನಾಲ್ಕೂವರೆ ಆದರೆ ಸಾಕು, ಚಾರ್ಜರ್ ಯಾರು ತೆಗೆದಿದ್ದು ಅಂತ ಜಗಳ, ಕಾರಣವಿಲ್ಲದೆ ಕಣ್ಣಲ್ಲಿ ನೀರು. ಒಂದಿನ ಅಮ್ಮ ಫೋನ್ ಮಾಡಿ, "ಮಧ್ಯಾಹ್ನ ಉಂಡೇನಪ್ಪಾ?" ಅಂದರು. "ದಿನಾ ಅದನ್ನೇ ಯಾಕೆ ಕೇಳ್ತೀಯ!" ಅಂತ ಕಿರುಚಿ ಕಟ್ ಮಾಡಿದೆವು. ನಿಜ ಏನಂದ್ರೆ, ಉಂಡಿರಲಿಲ್ಲ. ಮಾತ್ರೆ ಹಸಿವನ್ನೇ ಕೊಂದಿತ್ತು.

ಅವತ್ತು ರಾತ್ರಿ ಮಾತ್ರೆಯನ್ನೇ ಬಿಟ್ಟುಬಿಡೋಣ ಅನ್ನಿಸಿತು. ಬಿಡುವ ಮೊದಲು ಹತ್ತು ದಿನ ಬರೆದಿಟ್ಟು ನೋಡೋಣ ಅಂತ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗೆರೆ ಎಳೆದೆವು. ಮಾತ್ರೆ ಎಷ್ಟೊತ್ತಿಗೆ, ಏನು ತಿಂದ್ವಿ, ಎಷ್ಟು ನಿದ್ದೆ, ಸಿಟ್ಟು ಎಷ್ಟೊತ್ತಿಗೆ.

ಆ ಪುಟ ನೋಡಿದ ಡಾಕ್ಟರ್ ನಕ್ಕರು. ಈ ಮಾತ್ರೆ ಮೆದುಳಿನಲ್ಲಿ ಡೋಪಮೈನ್, ನಾರ್ಅಡ್ರಿನಲಿನ್ ಸಿಗುವ ಹಾಗೆ ಮಾಡುತ್ತೆ. ಬೇಗ ಕರಗುವ ಮಾತ್ರೆಯ ಕೆಲಸ ಮೂರ್ನಾಲ್ಕು ಗಂಟೆಯಷ್ಟೇ. ಅದು ಇಳಿಯುವಾಗ ಕೆಲವರಿಗೆ ಹೀಗೆ ಕಿರಿಕಿರಿ ಬರುತ್ತೆ, ಅದಕ್ಕೆ 'ರಿಬೌಂಡ್' ಅಂತಾರೆ. "ದಿನವಿಡೀ ಮಂಕಾಗಿದ್ದರೆ ಅದು ಬೇರೆ ವಿಷಯ, ತಕ್ಷಣ ಹೇಳಬೇಕು. ನೀವಾಗೇ ಡೋಸ್ ಮುಟ್ಟಬೇಡಿ" ಅಂದು, ನಿಧಾನ ಕರಗುವ ಮಾತ್ರೆಗೆ ಬದಲಾಯಿಸಿದರು.

ಸಿಟ್ಟು ಪೂರ್ತಿ ಹೋಯ್ತಾ? ಇಲ್ಲ. ಕಮ್ಮಿಯಾಗಿದೆ. ಈಗ ತಿಂಡಿ ತಿಂದೇ ಮಾತ್ರೆ. ಸಂಜೆ ನಾಲ್ವರೂ ಎದ್ದು ಮಿರ್ಚಿ ಮಂಡಕ್ಕಿಗೆ ಹೊರಡ್ತೀವಿ, ಆ ಒಂದು ಗಂಟೆ ಯಾರೂ ಯಾವ ವಾದಕ್ಕೂ ಇಳಿಯಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ "ನಂಗೂ ಒಂದು ಕೊಡು ಮಗಾ" ಅಂತ ಬರೋರಿಗೆ ಮಂಡಕ್ಕಿ ಮಾತ್ರ ಕೊಡ್ತೀವಿ.

ನಿಮಗೂ ಹೀಗಾಗ್ತಿದ್ದು, ಯಾರ ಹತ್ರ ಹೇಳೋದು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮನಿಗೂ ಎಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಅದೇ, "ಉಂಡೇನಪ್ಪಾ?"

"ಉಂಡೆ ಅಮ್ಮಾ."