ಹುಲ್ಲು ಬಯಲಿನ ಹಕ್ಕಿಗಳು

ನಮ್ಮವರಿಗೆ ಅಮೆರಿಕದ ಫೋರ್ಟ್ ಲೆವೆನ್‌ವರ್ತ್ ಸೇನಾ ಕಾಲೇಜಿನಲ್ಲಿ ತರಬೇತಿ. ಮಕ್ಕಳಿಲ್ಲದ ನನಗೆ ಹಗಲು ಸರಿಯುತ್ತಿರಲಿಲ್ಲ. “ಕ್ಯಾನ್ಸಸ್‌ನಲ್ಲಿ ಬರೀ ಹುಲ್ಲು” ಎಂದು ಹೆದರಿಸಿದವರೇ ಎಲ್ಲರೂ. ಆ ಹುಲ್ಲೇ ನನ್ನ ಕೈ ಹಿಡಿಯಿತು.

ಹಳದಿ ಎದೆಯ ಮೇಲೆ ಕರಿ ಪಟ್ಟಿ ಹೊತ್ತು ಬೇಲಿಗೂಟದಲ್ಲಿ ಹಾಡುವ ಮೆಡೊಲಾರ್ಕ್ ಆ ರಾಜ್ಯದ ಹಕ್ಕಿ. ನನ್ನ ಮೊದಲ ಗೆಳತಿಯೂ ಹೌದು. 2005ರ ಏಪ್ರಿಲ್‌ನಲ್ಲಿ ಫ್ಲಿಂಟ್ ಹಿಲ್ಸ್‌ಗೆ ಹೋಗಿ, ನಸುಕಿನ ಚಳಿಯಲ್ಲಿ ನಡುಗುತ್ತಾ ಪ್ರೇರಿ ಕೋಳಿಗಳ ಕುಣಿತ ನೋಡಿದೆವು. ಗಂಡುಗಳು ಕತ್ತಿನ ಕಿತ್ತಳೆ ಬಣ್ಣದ ಚೀಲ ಉಬ್ಬಿಸಿ, ಕಾಲು ಬಡಿದು, ಶಂಖ ಊದಿದಂತೆ ಕೂಗುತ್ತವೆ. ಹೆಣ್ಣೋ, ಸೀರೆ ಅಂಗಡಿಗೆ ಬಂದವಳಂತೆ ನಿಧಾನವಾಗಿ ಎಲ್ಲವನ್ನೂ ನೋಡಿ ಒಂದನ್ನು ಆರಿಸುತ್ತದೆ!

ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಉಳಿದಿರುವುದು ನೂರಕ್ಕೆ 4 ಪಾಲಿಗೂ ಕಡಿಮೆ. ಈ ಗುಡ್ಡಗಳಲ್ಲಿ ಚಕಮಕಿ ಕಲ್ಲಿಗೆ ಹೆದರಿ ನೇಗಿಲು ಇಳಿಯಲಿಲ್ಲ, ಹುಲ್ಲು ಬದುಕಿತು. ನಮ್ಮ ಸಿರುಗುಪ್ಪದ ಬಯಲಿನಲ್ಲಿ, ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಎರೆಭೂತಕ್ಕೆ ಆ ಭಾಗ್ಯವಿಲ್ಲ. ಈಗ ಬೆರಳೆಣಿಕೆಯಷ್ಟೇ ಉಳಿದಿವೆ.

ಹುಲ್ಲಿನ ನೆಲವನ್ನು ಬಂಜರು ಎನ್ನುತ್ತೇವೆ. ನನ್ನಂಥವಳಿಗೂ ಹಾಗೇ ಒಂದು ಹೆಸರಿದೆ. ನಿಂತು ನೋಡುವ ತಾಳ್ಮೆಯಿಲ್ಲದವರ ಮಾತು, ಎರಡೂ.