ಕಲ್ಲಿನಡಿಯ ಅಂಚೆಪೆಟ್ಟಿಗೆ

ನಮ್ಮ ಮಲೆನಾಡಿನಲ್ಲಿ ದಾರಿ ಹೇಳುವುದೇ ಒಂದು ವಿದ್ಯೆ. “ಸಂಕ ದಾಟಿ, ಗದ್ದೆಯ ಅಂಚಿನಲ್ಲೇ ಹೋಗಿ, ಹಲಸಿನ ಮರ ಸಿಕ್ಕಿದ ಮೇಲೆ ಬಲಕ್ಕೆ ತಿರುಗಿ, ಅಲ್ಲಿಂದ ಒಂದು ಕೂಗಳತೆ” ಎಂದುಬಿಟ್ಟರೆ ಮುಗಿಯಿತು. ಆ ಕೂಗು ಯಾರದು, ಎಷ್ಟು ಜೋರಿನದು ಎಂದು ಕೇಳುವಂತಿಲ್ಲ. ಹೇಗೋ ತಲುಪಿದರೆ ದಾರಿಯ ಕೊನೆಗೆ ಒಂದು ಮನೆ, ಜಗುಲಿ, ಕುಡಿಯಲು ನೀರು-ಬೆಲ್ಲ ಇದ್ದೇ ಇರುತ್ತದೆ. ಆದರೆ ಮನೆಯೂ ಇಲ್ಲದ, ಮನುಷ್ಯರೂ ಇಲ್ಲದ ಬಯಲಿನಲ್ಲಿ, ಕಲ್ಲಿನಡಿ ಬಚ್ಚಿಟ್ಟ ಒಂದು ಡಬ್ಬಿಗಾಗಿ ಹೀಗೆ ದಾರಿ ಹೇಳುವ ಜನರೂ ಇದ್ದಾರೆ ಎಂದರೆ ನಂಬುತ್ತೀರಾ? ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಇದ್ದಾರೆ. ಈ ಆಟಕ್ಕೆ ಅವರು ಇಟ್ಟಿರುವ ಹೆಸರು ‘ಲೆಟರ್‌ಬಾಕ್ಸಿಂಗ್’. ಹೆಸರು ಕೇಳಿ ಮುಷ್ಟಿಯುದ್ಧವೆಂದು ಗಾಬರಿಯಾಗಬೇಡಿ. ಇದು ಅಂಚೆಪೆಟ್ಟಿಗೆ ಹುಡುಕುವ ಆಟ.

ಇದರ ಕತೆ ಹಳೆಯದು. ಡಾರ್ಟ್‌ಮೂರ್ ಎಂಬುದು ಗ್ರಾನೈಟ್ ಬಂಡೆಗಳ, ಜೌಗು ನೆಲದ, ಮಂಜು ಕವಿಯುವ ಬಯಲುಗುಡ್ಡ. ಅದರ ಉತ್ತರ ಭಾಗದಲ್ಲಿ ಕ್ರ್ಯಾನ್‌ಮಿಯರ್ ಪೂಲ್ ಎಂಬ ತಗ್ಗಿದೆ. ಹೆಸರಿನಲ್ಲಿ ಕೊಳವಿದೆ, ತಗ್ಗಿನಲ್ಲಿ ನೀರಿಲ್ಲ. ಅಲ್ಲಿಗೆ ಹೋಗುವುದೇ ಆ ಕಾಲದಲ್ಲಿ ಸಾಹಸ. ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬಾತ ಪ್ರವಾಸಿಗಳಿಗೆ ದಾರಿ ತೋರಿಸುವ ಕೆಲಸ ಮಾಡುತ್ತಿದ್ದ. 1854ರಲ್ಲಿ ಆತ ಅಲ್ಲೊಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಹೋಗಬಹುದಿತ್ತು. ಬರಬರುತ್ತಾ ಜನ ವಿಳಾಸ ಬರೆದ ಕಾಗದಗಳನ್ನೂ ಇಡತೊಡಗಿದರು. ಮುಂದೆ ಬಂದವರು ಅದನ್ನು ಎತ್ತಿಕೊಂಡು ಹೋಗಿ ತಮ್ಮೂರಿನ ಅಂಚೆಗೆ ಹಾಕುವುದು ರೂಢಿಯಾಯಿತು. 1909ರಲ್ಲಿ ಡಾರ್ಟ್‌ಮೂರಿಗೆ ಕೈಪಿಡಿ ಬರೆದ ವಿಲಿಯಂ ಕ್ರಾಸಿಂಗ್ ಅವರ ನೆನಪಿಗೆಂದು 1938ರಲ್ಲಿ ಡಕ್ಸ್ ಪೂಲ್ ಎಂಬಲ್ಲಿಯೂ ಒಂದು ಪೆಟ್ಟಿಗೆ ಬಂತು. ಈಗ ಗುಡ್ಡದ ತುಂಬ ಇಂಥವು ಸಾವಿರಾರು. 1998ರಲ್ಲಿ ‘ಸ್ಮಿತ್‌ಸೋನಿಯನ್’ ಪತ್ರಿಕೆಯಲ್ಲಿ ಲೇಖನವೊಂದು ಬಂದ ಮೇಲೆ ಅಮೆರಿಕದ ಕಾಡುದಾರಿಗಳಿಗೂ ಈ ಹುಚ್ಚು ಹಬ್ಬಿತು.

ಈಗಿನ ಡಬ್ಬಿಗಳು ನಮ್ಮ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳಂಥವೇ. ಒಳಗೆ ಒಂದು ಪುಟ್ಟ ಪುಸ್ತಕ ಮತ್ತು ಒಂದು ರಬ್ಬರ್ ಮೊಹರು. ಹುಡುಕಿ ಬಂದವರು ಆ ಮೊಹರನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳಬೇಕು, ತಮ್ಮ ಸ್ವಂತ ಮೊಹರನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಬೇಕು. ಆಮೇಲೆ ಇದ್ದ ಹಾಗೆಯೇ ಮುಚ್ಚಿ, ಇದ್ದ ಕಲ್ಲಿನಡಿಯೇ ಇಡಬೇಕು. ನೆಲ ಅಗೆಯಬಾರದು, ಪ್ರಾಚೀನ ಶಿಲಾಸ್ಮಾರಕಗಳನ್ನು ಮುಟ್ಟಬಾರದು. ಬಹುಮಾನ, ಚಿನ್ನದ ಪದಕ ಒಂದೂ ಇಲ್ಲ. ನೂರು ಡಬ್ಬಿ ಕಂಡವರಿಗೆ ‘ನೂರರ ಸಂಘ’ಕ್ಕೆ ಸೇರುವ ಯೋಗ್ಯತೆ ಬರುತ್ತದೆ, ಅಷ್ಟೆ.

ಎಕ್ಸೆಟರ್‌ನಲ್ಲಿರುವ ನನ್ನ ಮಗಳು ಒಂದು ಬೇಸಿಗೆ ರಜೆಯಲ್ಲಿ ನನ್ನನ್ನು ಕರೆಸಿಕೊಂಡಿದ್ದಳು. ಇವರು ತೀರಿಕೊಂಡು ಒಂದು ವರ್ಷವಾಗಿತ್ತು. “ಇನ್ನು ಆ ದೊಡ್ಡ ಮನೆಯಲ್ಲಿ ಒಬ್ಬಳೇ ಏಕೆ ಇರ್ತೀಯಮ್ಮ? ಕೆಲಸ ಬಿಟ್ಟು ಇಲ್ಲಿಗೇ ಬಂದುಬಿಡು” ಎಂಬ ಮಾತು ಮೊದಲ ವಾರವೇ ಬಂತು. ನಾನು ‘ನೋಡೋಣ’ ಎಂದೆ. ನಮ್ಮಲ್ಲಿ ‘ನೋಡೋಣ’ ಎಂದರೆ ಏನೆಂದು ನಿಮಗೆ ಗೊತ್ತು, ಅವಳಿಗೂ ಗೊತ್ತು. ಆ ಮೇಲೆ ಅಡುಗೆ, ಹವೆ, ಮೊಮ್ಮಗನ ಪಾಠ ಎಲ್ಲವನ್ನೂ ಮಾತಾಡಿದೆವು, ಅದೊಂದನ್ನು ಬಿಟ್ಟು.

ಹೀಗಿರುವಾಗ ಮೊಮ್ಮಗ ಡಬ್ಬಿ ಹುಡುಕಲು ಹೊರಟ. “ಅಜ್ಜೀ, ನಿನಗೂ ಒಂದು ಮೊಹರು ಬೇಕು, ಒಂದು ಹೆಸರೂ ಬೇಕು. ನಿಜವಾದ ಹೆಸರಲ್ಲ, ನೀನೇ ಇಟ್ಟುಕೊಳ್ಳುವ ಹೆಸರು” ಎಂದ. ನನಗೆ ನಗು ಬಂತು. ನಾನು ಇಂಥವರ ಮಗಳು, ಇಂಥವರ ಹೆಂಡತಿ, ಇಂಥವಳ ತಾಯಿ, ಶಾಲೆಯಲ್ಲಿ ಬರೀ ಟೀಚರು. ಸಾವಿರಾರು ಪ್ರಗತಿಪತ್ರಗಳಿಗೆ ಸಹಿ ಹಾಕಿದ ಕೈ ಇದು. ಆದರೆ ನನಗೆ ನಾನೇ ಹೆಸರಿಟ್ಟುಕೊಳ್ಳುವ ಸಂದರ್ಭ ಬಂದದ್ದೇ ಇಲ್ಲ. ಮಳೆಗಾಲದಲ್ಲಿ ಮೂರು ಮೈಲಿ ಕೊಡೆ ಹಿಡಿದು ನಡೆದು ಹೋಗುತ್ತಿದ್ದ ನನ್ನನ್ನು ಮಕ್ಕಳು ಬೆನ್ನ ಹಿಂದೆ ‘ಕೊಡೆ ಟೀಚರ್’ ಎನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಅದೇ ಇರಲಿ ಎಂದೆ. ಮಗಳು ರಾತ್ರಿ ಕುಳಿತು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಒಂದು ಕೊಡೆ ಕೆತ್ತಿಕೊಟ್ಟಳು.

ಭಾನುವಾರ ಹೊರಟೆವು. ಕ್ರ್ಯಾನ್‌ಮಿಯರ್ ನನ್ನ ಮಂಡಿಗೆ ಮೀರಿದ್ದು, ಮೇಲಾಗಿ ಆ ಕಡೆ ಸೈನ್ಯದವರ ಗುಂಡಿನ ಅಭ್ಯಾಸವೂ ನಡೆಯುತ್ತದೆ; ಕೆಂಪು ಬಾವುಟ ಏರಿಸಿದ್ದರೆ ಹೋಗುವಂತಿಲ್ಲ. ಹಾಗಾಗಿ ರಸ್ತೆಗೆ ಹತ್ತಿರದ ಒಂದು ಗುಡ್ಡ. ಡಾರ್ಟ್‌ಮೂರಿನ ಅತಿ ಎತ್ತರದ ತುದಿಯೇ 621 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಮೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಮರವಿಲ್ಲದ ಬಯಲಾದ್ದರಿಂದ ಗಾಳಿ ನೇರ ಎದೆಗೇ ಬಡಿಯುತ್ತದೆ. ಅಲ್ಲಲ್ಲಿ ಕುಳ್ಳ ಕುದುರೆಗಳು ನಮ್ಮೂರ ದನಗಳಂತೆ ಮೇಯುತ್ತಿದ್ದವು.

ಸುಳಿವಿನ ಚೀಟಿಯಲ್ಲಿ “ತುದಿಯ ಬಂಡೆ 40 ಡಿಗ್ರಿ, ಒಂಟಿ ಮರ 215 ಡಿಗ್ರಿ ಕಾಣುವಲ್ಲಿ ನಿಂತು, ಅಲ್ಲಿಂದ ಇಳಿಜಾರಿಗೆ 30 ಹೆಜ್ಜೆ” ಎಂದಿತ್ತು. ದಿಕ್ಸೂಚಿ ನನ್ನ ಕೈಗೆ ಬಂತು. ಇಪ್ಪತ್ತೆಂಟು ವರ್ಷ ಕರಿಹಲಗೆಯ ಮೇಲೆ ಎಂಟು ದಿಕ್ಕು ಬರೆದವಳು ನಾನು, ಬಿಡುತ್ತೇನೆಯೇ! ಮೊಮ್ಮಗನನ್ನು ನಾಲ್ಕು ಹೆಜ್ಜೆ ಹಿಂದಕ್ಕೆ, ಎರಡು ಹೆಜ್ಜೆ ಎಡಕ್ಕೆ ನಿಲ್ಲಿಸಿ ಎರಡೂ ಗುರುತು ಕೂಡಿಸಿದೆ. ಮಂಜು ಮುಸುಕುವ ಮೊದಲೇ ಚಪ್ಪಟೆ ಕಲ್ಲೊಂದರ ಬುಡದಲ್ಲಿ ಡಬ್ಬಿ ಸಿಕ್ಕಿತು. ಪುಸ್ತಕದಲ್ಲಿ ಗೂಬೆ, ದೋಣಿ, ಬೂಟು, ಚಹದ ಕೆಟಲು, ಯಾರ್ಯಾರದೋ ಮೊಹರುಗಳು. ಅವುಗಳ ಕೆಳಗೆ ನಾನು ಕೊಡೆ ಒತ್ತಿ, ಪಕ್ಕದಲ್ಲಿ ಕನ್ನಡದಲ್ಲಿ ‘ಕೊಡೆ ಟೀಚರ್’ ಎಂದು ಬರೆದೆ. ಕೆಳಗೆ ಯಾರ ಹೆಸರಿನ ಆಸರೆಯೂ ಇರಲಿಲ್ಲ.

ತಾಯಿ ಮಗಳು ಮುಖ ನೋಡಿಕೊಂಡು ಆಡಲಾಗದ ಮಾತು ಕಾಗದಕ್ಕೆ ಸುಲಭ. ಹಳೆಯ ರೂಢಿಯ ಕತೆ ಕೇಳಿದ್ದ ನಾನು, ಚೀಟಿ ಹಚ್ಚಿದ ಒಂದು ಕಾರ್ಡನ್ನು ಮನೆಯಲ್ಲೇ ಬರೆದು ತಂದಿದ್ದೆ. ಮಗಳು ಮಗನ ಬೂಟಿನ ಲೇಸು ಕಟ್ಟುತ್ತಿದ್ದಾಗ ಅದನ್ನು ಡಬ್ಬಿಯೊಳಗೆ ಸೇರಿಸಿದೆ. ವಿಳಾಸ ಅವಳದೇ, ಒಕ್ಕಣೆ ಕನ್ನಡದಲ್ಲಿ. “ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ, ನನ್ನ ಮಕ್ಕಳ ಜೊತೆ ಇರುತ್ತೇನೆ. ನಿನ್ನ ಅಪ್ಪ ನೆಟ್ಟ ಗಿಡಗಳು ಈಗಷ್ಟೇ ಫಲಕ್ಕೆ ಬಂದಿವೆ. ಆ ಮನೆಯಲ್ಲಿ ನನಗೆ ಒಂಟಿ ಎನಿಸುವುದಿಲ್ಲ, ಇಲ್ಲಿ ನೀನು ಕೆಲಸಕ್ಕೆ ಹೋದ ಮೇಲೆ ಎನಿಸುತ್ತದೆ. ಇದನ್ನು ನಿನ್ನ ಮೇಲಿನ ಬೇಸರವೆಂದು ತಿಳಿಯಬೇಡ.”

ನಾನು ಊರಿಗೆ ಬಂದು ಶಾಲೆ ಶುರುವಾಗಿ ಹತ್ತು ದಿನವಾಗಿತ್ತು. ಜಡಿಮಳೆ. ಸಂಜೆ ಮಗಳ ಫೋನು ಬಂತು. ಸ್ವಲ್ಪ ಹೊತ್ತು ಮಾತೇ ಇಲ್ಲ, ಬರೀ ಉಸಿರು. ಆಮೇಲೆ, “ಅಮ್ಮಾ, ಕಾರ್ಡು ಬಂತು. ಯಾರು ಹಾಕಿದರೋ! ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದ್ದಾರೆ. ಈ ಅಕ್ಷರ ನಮಗೆ ಓದಲು ಬರುವುದಿಲ್ಲ, ಒಳ್ಳೆಯ ಸುದ್ದಿ ಇರಲಿ ಎಂದು ಹಾರೈಸುತ್ತೇವೆ, ಅಂತ.”

“ಹೌದಾ! ಸುದ್ದಿ ಒಳ್ಳೆಯದೇ ತಾನೆ?” ಎಂದೆ.

“ನೋಡೋಣ” ಎಂದಳು ನನ್ನ ಮಗಳು, ಮತ್ತು ನಕ್ಕಳು. “ಡಿಸೆಂಬರಿನಲ್ಲಿ ನಾವೇ ಬರ್ತೀವಿ. ಅಪ್ಪನ ಗಿಡ ಹಣ್ಣು ಬಿಟ್ಟಿದ್ದರೆ ಇವನಿಗೆ ಎರಡು ಉಳಿಸಿಡು.”