ಟ್ರ್ಯಾಲಿಯ ಪಿನ್ನು

ಚೊಳಚಗುಡ್ಡದ ಬನಶಂಕರಿ ಜಾತ್ರೆ ನಡೆಯುವುದು ಪುಷ್ಯದಲ್ಲಿ. ಕಬ್ಬಿನ ಕಟಾವೂ ಅದೇ ಹೊತ್ತಿಗೆ. ರಸ್ತೆಯ ಒಂದು ಮಗ್ಗುಲಲ್ಲಿ ನಡೆದು ಬರುವ ಭಕ್ತರು, ಇನ್ನೊಂದರಲ್ಲಿ ಎರಡೆರಡು ಟ್ರ್ಯಾಲಿ ಎಳೆದುಕೊಂಡು ಏರು ಹತ್ತುವ ಟ್ರ್ಯಾಕ್ಟರು. ಅಷ್ಟೂ ಟನ್ ಭಾರ ತೂಗುವುದು ಗೇಣುದ್ದದ ಒಂದು ಪಿನ್ನಿನ ಮೇಲೆ. ಅದು ಏರಿನಲ್ಲಿ ಮುರಿದರೆ ಟ್ರ್ಯಾಲಿ ಹಿಂದಿರುವವರ ಮೇಲೆಯೇ ಉರುಳಬೇಕು.

ಅಂಥದೊಂದು ಪಿನ್ನು ನಡುವೆ ಸವೆದು ಸಣ್ಣಗಾಗಿತ್ತು. ಅದನ್ನು ಹಿಡಿದುಕೊಂಡು ರೈತನೊಬ್ಬ ಲೇತ್ ಅಂಗಡಿಗೆ ಬಂದ. ಜೊತೆಗೆ ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಮಗ.

“ಮನ್ಯಾಗ ಸ್ಲ್ಯಾಬಿನ ಕಂಬಿ ಉಳದೈತ್ರಿ ಮೇಸ್ತ್ರಿ, ಅದರಾಗ ಮಾಡ್ರಿ.”

“ಅದು ಕಾಂಕ್ರೀಟಿನಾಗ ಇರಾಕ ಛಲೋ ರೀ.”

ಟಿಎಂಟಿ ಕಂಬಿಗೆ ಹೊರಸುತ್ತು ಗಟ್ಟಿ, ಒಳಗಿನದು ಮೆತ್ತಗೆ. ಲೇತಿಗೆ ಹಾಕಿ ನುಣುಪು ಮಾಡಿದರೆ ಗಟ್ಟಿಯಾದ ಸುತ್ತೇ ಹೊಟ್ಟಾಗಿ ಹೋಗುತ್ತದೆ. ಇನ್ನು ತೂತಿಗಿಂತ ಸಣ್ಣದಾದರೂ ನಡೆದೀತು ಎನ್ನುವವರೂ ಉಂಟು. 30 ಮಿ.ಮೀ. ಇರಬೇಕಾದಲ್ಲಿ 25 ಮಿ.ಮೀ. ಹಾಕಿದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ 31ರಷ್ಟು ಕಡಿಮೆಯಾಯಿತು. ಸಡಿಲಿನಿಂದ ಬೀಳುವ ಹೊಡೆತ ಬೇರೆ.

ಹುಡುಗನ ಕಣ್ಣು ಮೂಲೆಯಲ್ಲಿದ್ದ ಲಾರಿಯ ಹಳೆಯ ಆಕ್ಸೆಲ್ ಮೇಲೆ ಬಿತ್ತು. “ಕಾಕಾ, ಇದು ಗಟ್ಟಿ ಐತಲ್ಲ?”

“ಗಟ್ಟಿ ಐತಿ ತಮ್ಮಾ, ಖರೆ. ಎಷ್ಟು ದುಡದೈತಿ ಯಾರಿಗ್ಗೊತ್ತು?”

ಮಾತು ಚಿಕ್ಕದು, ವಿಷಯ ಹಳೆಯದು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಿಂದ ಹೊರಟ ರೈಲಿನ ಎಂಜಿನ್ನಿನ ಆಕ್ಸೆಲ್ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮತ್ತೆ ಮತ್ತೆ ಬೀಳುವ ಭಾರಕ್ಕೆ ಉಕ್ಕು ದಣಿಯುತ್ತದೆ, ಒಳಗೇ ಕೂದಲಿನಂಥ ಬಿರುಕು ಬೆಳೆಯುತ್ತದೆ ಎಂಬುದನ್ನು ಎಂಜಿನಿಯರುಗಳು ಇಂಥ ಅಪಘಾತಗಳಿಂದಲೇ ಕಲಿತರು. ಗುಜರಿಯ ಆಕ್ಸೆಲ್ ಮೇಲುನೋಟಕ್ಕೆ ಆ ಬಿರುಕನ್ನು ತೋರಿಸುವುದಿಲ್ಲ.

ಮೇಸ್ತ್ರಿ ಆರಿಸಿದ್ದು ಇಎನ್ 8 ಎಂಬ ಹೊಸ ಸಲಾಕೆ. ಇದರಲ್ಲಿ ಇಂಗಾಲ ಶೇ 0.4ರ ಆಸುಪಾಸು, ಸಾದಾ ಉಕ್ಕಿನಲ್ಲಿ ಅದರ ಅರ್ಧದಷ್ಟು. ಹುಡುಗನಿಗೆ ಈ ಲೆಕ್ಕ ಬಾಯಿಪಾಠ. ಆದರೆ ಎರಡು ಸಲಾಕೆ ಮುಂದಿಟ್ಟು ಯಾವುದು ಯಾವುದೆಂದು ಕೇಳಿದಾಗ ಸುಮ್ಮನಾದ. ಮೇಸ್ತ್ರಿ ಎರಡನ್ನೂ ಸಾಣೆಗೆ ಹಿಡಿದ. ಸಾದಾ ಉಕ್ಕಿನಿಂದ ಉದ್ದುದ್ದ ಕಿಡಿಯ ಗೆರೆಗಳು ಬಂದವು. ಇಂಗಾಲ ಹೆಚ್ಚಿದ್ದದ್ದು ಸುರಸುರಬತ್ತಿಯ ಹಾಗೆ ಕವಲೊಡೆದು ಸಿಡಿಯಿತು. ಪುಸ್ತಕದಲ್ಲಿ ಈ ಚಿತ್ರ ಕಪ್ಪು ಬಿಳುಪಿನಲ್ಲಿರುತ್ತದೆ, ಪಾಪ.

“ಕುಲುಮ್ಯಾಗ ಕಾಸಿ ನೀರಿಗೆ ಅದ್ದಿದ್ರ ಇನ್ನೂ ಗಟ್ಟಿ ಆಗತೈತಲ್ರಿ?” ಅಂದ ಅಪ್ಪ.

ಈಗ ಮಗ ಬಾಯಿಬಿಟ್ಟ. “ಬ್ಯಾಡಪ್ಪಾ. ಬರೇ ಅದ್ದಿ ಬಿಟ್ರ ಗಾಜಿನಂಗ ಒಡೀತೈತಿ. ಮತ್ತ ಕಾಸಿ ಹದ ಮಾಡ್ಬೇಕು.” ಆ ಎರಡನೆಯ ಕಾಸುವಿಕೆ 550ರಿಂದ 650 ಡಿಗ್ರಿ ಸೆಲ್ಸಿಯಸ್ಸಿಗೆ, ಅಳತೆಯ ಒಲೆಯಲ್ಲಿ ಆಗಬೇಕಾದದ್ದು. ಜಗ್ಗುವ ಪಿನ್ನಿಗೆ ಬೇಕಾದದ್ದು ಸೀಳದೆ ಬಾಗುವ ಗುಣ. ಮೇಸ್ತ್ರಿ ಸಲಾಕೆಯನ್ನು ಇದ್ದ ಹದದಲ್ಲೇ ಕಡೆದ; ಹಿಡಿಯನ್ನು ನಡುವಿಗೆ ಬೆಸೆಯದೆ ತುದಿಗೇ ಇಟ್ಟ. ಬೆಸುಗೆಯ ಪಕ್ಕದಲ್ಲಿ ಈ ಉಕ್ಕು ಬಿರುಸಾಗಿ ಬಿರಿಯುತ್ತದೆ.

ರೈತನಿಗೆ ಖುಷಿಯಾಯಿತು. ರೋಟಾವೇಟರಿನ ಶಿಯರ್ ಬೋಲ್ಟೂ ಇದರಲ್ಲೇ ಆಗಲಿ, ಪದೇ ಪದೇ ಕಡಿಯುತ್ತದೆ ಎಂದ. ಮೇಸ್ತ್ರಿ ಒಪ್ಪಲಿಲ್ಲ. ಆ ಬೋಲ್ಟು ಇರುವುದೇ ಕಡಿಯಲಿಕ್ಕೆ: ಕಲ್ಲು ಸಿಕ್ಕಾಗ ಅದು ಹೋದರೆ ಗೇರ್‌ಬಾಕ್ಸ್ ಉಳಿಯುತ್ತದೆ. ಪುಸ್ತಿಕೆಯಲ್ಲಿ ಹೇಳಿದ ಬೋಲ್ಟನ್ನೇ ತರಬೇಕು.

ಹೊರಡುವಾಗ ಹುಡುಗ ಪಿನ್ನಿನ ಕೆಳಗಿನ ತೂತಿಗೆ ಸುತ್ತಿದ್ದ ತುಕ್ಕು ಹಿಡಿದ ತಂತಿಯನ್ನು ಕಿತ್ತು ಹಾಕಿ, ಹೊಸ ಕ್ಲಿಪ್ ಕೇಳಿ ಪಡೆದ.